ತುಂಬಾ ಡೀಸೆಂಟ್ ಮನುಷ್ಯ



ಕೊಲೆಗಾರ ಯಾರೆಂಬುದನ್ನು ಕೊನೆಯ ಪುಟದ ತನಕ ಬಚ್ಚಿಡಬೇಕು ಎನ್ನುವುದು ಪತ್ತೇದಾರಿ ಕಥೆಯ ಹಳೆಯ ನೇಮ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಹಿಂದೆ ಓಡಿ ಬೆಳೆದ ತಲೆಮಾರಿಗೆ ಅದು ಚೆನ್ನಾಗಿ ಗೊತ್ತು. ಈಗಿನ ಟೀವಿ ಸರಣಿಗಳು ಆ ನೇಮವನ್ನು ಗಾಳಿಗೆ ತೂರಿವೆ. ಮೊದಲ ಕಂತು ಮುಗಿಯುವಷ್ಟರಲ್ಲಿ ಕೊಲೆಗಾರ ಇವನೇ ಎಂದು ನಮಗೆ ಗೊತ್ತಾಗಿರುತ್ತದೆ. ಅವನು ಮಗುವಿನ ಶೂ ಲೇಸು ಕಟ್ಟುತ್ತಾನೆ, ಹೆಂಡತಿ ತಂದಿಟ್ಟ ಕಾಫಿಗೆ ಸಕ್ಕರೆ ಸಾಲದು ಅನ್ನುತ್ತಾನೆ. ಅವನ ಮನೆಯವರಿಗೆ ಏನೂ ಗೊತ್ತಿಲ್ಲ, ನಮಗೆ ಎಲ್ಲ ಗೊತ್ತು. ಮುಂದಿನ ಏಳೆಂಟು ಗಂಟೆ ನಮ್ಮನ್ನು ಕುರ್ಚಿಗೆ ಅಂಟಿಸುವುದು ಈ ಗುಟ್ಟು.

ರುಚಿ ಮಾತ್ರ ಹಳೆಯದೇ. ಬಯಲಾಟದಲ್ಲಿ ರಾವಣ ಸನ್ಯಾಸಿಯ ವೇಷದಲ್ಲಿ ಬಂದು ಭಿಕ್ಷೆ ಕೇಳುವಾಗ ಚಾಪೆಯ ಮೇಲೆ ತೂಕಡಿಸುತ್ತಿದ್ದ ಮಗು ಕೂಡ ಎದ್ದು ಕೂರುತ್ತದೆ. ಸೀತೆಯೊಬ್ಬಳನ್ನು ಬಿಟ್ಟರೆ ಊರಿಗೆಲ್ಲ ಗೊತ್ತು. ಇಂಗ್ಲಿಷಿನಲ್ಲಿ ಸ್ಟೀವನ್‌ಸನ್ 1886ರಲ್ಲಿ ಡಾಕ್ಟರ್ ಜೆಕಿಲ್ ಮತ್ತು ಹೈಡ್ ಕಥೆ ಬರೆದ. ಅಮೆರಿಕದ ಟೀವಿಯಲ್ಲಿ 2006ರಿಂದ 2013ರ ತನಕ, 96 ಕಂತುಗಳಲ್ಲಿ 'ಡೆಕ್ಸ್ಟರ್' ಓಡಿತು. ಅದರ ನಾಯಕ ಮಯಾಮಿ ಪೊಲೀಸರ ಪ್ರಯೋಗಾಲಯದಲ್ಲಿ ರಕ್ತದ ಕಲೆಗಳನ್ನು ಓದುವ ತಜ್ಞ. ಬೆಳಿಗ್ಗೆ ಸಹೋದ್ಯೋಗಿಗಳಿಗೆಲ್ಲ ಸಿಹಿತಿಂಡಿ ಹಂಚುತ್ತಾನೆ, ರಾತ್ರಿ ಕೊಲೆಗಾರರನ್ನೇ ಹುಡುಕಿ ಕೊಲ್ಲುತ್ತಾನೆ. ಮನಸ್ಸಿನಲ್ಲಿ ಅಂದುಕೊಂಡದ್ದನ್ನೆಲ್ಲ ನಮ್ಮ ಕಿವಿಗೆ ಹಾಕುತ್ತಾನೆ. ಹೀಗಾಗಿ ನೋಡುವವರು ಅವನ ಪಕ್ಷ ಸೇರಿಬಿಡುತ್ತಾರೆ. ಪೊಲೀಸರು ಹತ್ತಿರ ಬಂದಾಗ ಎದೆ ಡವಡವ ಅನ್ನುವುದು ಅವನಿಗಾಗಿ. ಇದು ಬರವಣಿಗೆಯ ಜಾಣತನ, ಒಪ್ಪುತ್ತೇನೆ. ಆದರೆ ಅಂಥ ಸರಣಿಗಳನ್ನು ನೋಡಿ ಎದ್ದಾಗ ತಲೆಯಲ್ಲಿ ಉಳಿಯುವುದು ಒಂದೇ: ಅಬ್ಬಾ, ಎರಡು ಬದುಕು ನಡೆಸಬೇಕಾದರೆ ಎಷ್ಟು ಬುದ್ಧಿ ಬೇಕಪ್ಪಾ ಎಂಬ ಬೆರಗು.

ಆ ಬೆರಗಿನ ಬಗ್ಗೆಯೇ ನನ್ನ ತಕರಾರು. ಅಷ್ಟೇನೂ ಬುದ್ಧಿ ಬೇಕಾಗಿಲ್ಲ ಎನ್ನುವುದಕ್ಕೆ ನಮ್ಮ ರಾಜ್ಯದಲ್ಲೇ ಪುರಾವೆ ಇದೆ.

ಆ ಪುರಾವೆ ನೆನಪಾದದ್ದು ಹೀಗೆ. ನಾನಿರುವುದು ಬೆಂಗಳೂರಿನ ಕಗ್ಗದಾಸಪುರದಲ್ಲಿ. ಸಿ.ವಿ. ರಾಮನ್ ನಗರದ ರಕ್ಷಣಾ ಪ್ರಯೋಗಾಲಯಗಳ ಪಕ್ಕ, ರೈಲ್ವೆ ಗೇಟಿನ ಆಚೆ. ಗೇಟು ಬಿದ್ದರೆ ಆಟೊ, ಕ್ಯಾಬು, ಸ್ಕೂಲ್ ವ್ಯಾನು, ಹಾಲಿನ ಗಾಡಿ ಎಲ್ಲವೂ ಒಂದರ ಬೆನ್ನಿಗೊಂದು ನಿಂತು, ಊರಿಗೆ ಊರೇ ಹಾರನ್ ಹೊಡೆಯುವ ಜಾಗ. ನಾನಿರುವ ಮೂರಂತಸ್ತಿನ ಕಟ್ಟಡದಲ್ಲಿ ಕೆಳಗೆ ಓನರ್ ಆಂಟಿ, ಮೇಲೆಲ್ಲ ಬಾಡಿಗೆಯವರು. ಆಂಟಿಗೆ ಕ್ರೈಂ ಅಂದರೆ ಪ್ರಾಣ. ಉದಯ ಟೀವಿಯ 'ಕ್ರೈಂ ಸ್ಟೋರಿ', ಈಟೀವಿಯಲ್ಲಿ ರವಿ ಬೆಳಗೆರೆಯವರ 'ಕ್ರೈಂ ಡೈರಿ' ಇವೆಲ್ಲ ಅರೆದು ಕುಡಿದವರು. ಈಗ ಮಗ ಕೊಡಿಸಿದ ಸ್ಮಾರ್ಟ್ ಟೀವಿಯಲ್ಲಿ, ಅವರೆಕಾಳು ಹಿಸುಕುತ್ತಾ ಹಿಂದಿ ಸರಣಿಗಳನ್ನು ನೋಡುತ್ತಾರೆ. ಹಿಂದಿ ಅರ್ಧಂಬರ್ಧ ಅರ್ಥವಾಗುತ್ತದೆ, ಉಳಿದರ್ಧ ನನ್ನ ಪಾಲಿನ ಕೆಲಸ. ಹಾಗೆ ಜೊತೆಗೆ ಕೂತು ನೋಡಿದ್ದು 'ದಹಾಡ್'.

2023ರ ಮೇ ತಿಂಗಳಲ್ಲಿ ಪ್ರೈಂ ವಿಡಿಯೊದಲ್ಲಿ ಬಂದ ಎಂಟು ಕಂತಿನ ಸರಣಿ. ರೀಮಾ ಕಾಗ್ತಿ ಮತ್ತು ಜೋಯಾ ಅಖ್ತರ್ ಸೇರಿ ಕಟ್ಟಿದ್ದು, ಅದಕ್ಕೂ ಮೊದಲು ಬರ್ಲಿನ್ ಚಿತ್ರೋತ್ಸವದಲ್ಲಿ ತೋರಿಸಿದ್ದು. ಕಥೆ ನಡೆಯುವುದು ರಾಜಸ್ಥಾನದ ಮಂಡಾವಾದಲ್ಲಿ. ವಿಜಯ್ ವರ್ಮಾ ಮಾಡಿದ ಆನಂದ್ ಸ್ವರ್ಣಕಾರ್ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಹಿಂದಿ ಸಾಹಿತ್ಯ ಕಲಿಸುವ ಮೇಷ್ಟ್ರು. ಮೃದು ಮಾತು, ಇಸ್ತ್ರಿ ಮಾಡಿದ ಅಂಗಿ, ಒಬ್ಬ ಮಗ. ಬೇರೆ ಬೇರೆ ಊರಿನ ಬಡ ಹೆಣ್ಣುಮಕ್ಕಳು ಯಾರನ್ನೋ ನಂಬಿ ಮನೆ ಬಿಡುತ್ತಾರೆ, ಕೊನೆಗೆ ಸಾರ್ವಜನಿಕ ಶೌಚಾಲಯಗಳಲ್ಲಿ ಹೆಣವಾಗಿ ಸಿಗುತ್ತಾರೆ; ಒಳಗಿನಿಂದ ಚಿಲಕ ಹಾಕಿರುತ್ತದೆ, ಹೊಟ್ಟೆಯಲ್ಲಿ ಸೈನೈಡ್.

ಎರಡನೆಯ ಕಂತಿಗೇ ಆಂಟಿ ಹಿಸುಕುವುದನ್ನು ನಿಲ್ಲಿಸಿದರು. "ಇದು ನಮ್ಮ ಮಂಗ್ಳೂರ್ ಕಡೇದು ಕಣಮ್ಮ. ಸೈನೈಡ್ ಮೋಹನ. ಮರಳುಗಾಡಿಗೆ ಯಾಕೆ ಹೊತ್ಕೊಂಡು ಹೋಗವ್ರೆ?"

ಹೌದು, ಮೂಲ ನಮ್ಮದು. ಮೋಹನ ಕುಮಾರ ಬಂಟ್ವಾಳ ತಾಲ್ಲೂಕಿನ ಕನ್ಯಾನದವನು, ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದವನು. 2003ರಿಂದ 2009ರ ನಡುವೆ 20 ಹೆಣ್ಣುಮಕ್ಕಳ ಕೊಲೆಯ ಆರೋಪ ಅವನ ಮೇಲೆ ಬಂತು, 20 ಪ್ರಕರಣಗಳೂ ಮಂಗಳೂರಿನ ನ್ಯಾಯಾಲಯದಲ್ಲಿ ವಿಚಾರಣೆಯಾದವು. ಅವನು ಹೋಗುತ್ತಿದ್ದದ್ದು ಬಡವರ ಮನೆಯ ಹೆಣ್ಣುಮಕ್ಕಳ ಹತ್ತಿರ. ಬೀಡಿ ಕಟ್ಟುವವರು, ಸಣ್ಣಪುಟ್ಟ ಕೆಲಸಕ್ಕೆ ಹೋಗುವವರು, ವಯಸ್ಸು ಇಪ್ಪತ್ತು ದಾಟಿದರೂ ವರದಕ್ಷಿಣೆ ಹೊಂದಿಸಲಾಗದೆ ಮದುವೆ ನಿಂತವರು. ಹುಡುಗಿ ಯಾವ ಜಾತಿಯವಳೋ ಆ ಜಾತಿಗೆ ಒಪ್ಪುವ ಹೆಸರನ್ನು ತಾನೂ ಇಟ್ಟುಕೊಳ್ಳುತ್ತಿದ್ದ. ಸರ್ಕಾರಿ ಕೆಲಸ ಇದೆ, ವರದಕ್ಷಿಣೆ ಬೇಡ ಅನ್ನುತ್ತಿದ್ದ. ಮದುವೆಗೆಂದು ಮೈಮೇಲೆ ಇದ್ದಬದ್ದ ಒಡವೆ ಹಾಕಿಸಿಕೊಂಡು ದೂರದ ಊರಿಗೆ, ಮೈಸೂರಿಗೋ ಮಡಿಕೇರಿಗೋ ಹಾಸನಕ್ಕೋ ಬೆಂಗಳೂರಿಗೋ ಕರೆದೊಯ್ದು ಲಾಡ್ಜಿನಲ್ಲಿ ಉಳಿಯುತ್ತಿದ್ದ. ಮರುದಿನ ಬೆಳಿಗ್ಗೆ ಒಡವೆ ರೂಮಿನಲ್ಲೇ ಬಿಟ್ಟು ಬಾ ಎಂದು ಬಸ್ ನಿಲ್ದಾಣಕ್ಕೆ ಕರೆತಂದು, ಬಸಿರು ನಿಲ್ಲದಿರಲು ಎಂದು ಒಂದು ಮಾತ್ರೆ ಕೊಡುತ್ತಿದ್ದ. ಶೌಚಾಲಯಕ್ಕೆ ಹೋಗಿ ನುಂಗು ಎಂದು ಹೇಳಿ ಕಳಿಸುತ್ತಿದ್ದ. ಆಮೇಲೆ ಲಾಡ್ಜಿಗೆ ಮರಳಿ ಒಡವೆ ತೆಗೆದುಕೊಂಡು ಊರಿನ ಬಸ್ಸು ಹತ್ತುತ್ತಿದ್ದ. ಊರಿನಲ್ಲಿ ಅವನಿಗೆ ಸಂಸಾರ ಇತ್ತು.

ಈಗ ಈ ಕಥೆಯಲ್ಲಿ ಬುದ್ಧಿವಂತಿಕೆ ಎಲ್ಲಿದೆ ಹೇಳಿ. ಎಲ್ಲ ಕಡೆಯೂ ಅದೇ ಉಪಾಯ, ಅದೇ ಮಾತ್ರೆ, ಅದೇ ಬಸ್ ನಿಲ್ದಾಣ. ಮೈಸೂರಿನ ನಿಲ್ದಾಣ ಒಂದರಲ್ಲೇ ಎಷ್ಟೋ ಹೆಣ್ಣುಮಕ್ಕಳು ಹೀಗೆ ಸತ್ತರು. ಟೀವಿಯ ಕೊಲೆಗಾರನಾದರೆ ಪ್ರತಿ ಕಂತಿಗೂ ಹೊಸ ದಾರಿ ಹುಡುಕಬೇಕು, ಇಲ್ಲದಿದ್ದರೆ ನೋಡುವವರು ಚಾನೆಲ್ ಬದಲಿಸುತ್ತಾರೆ. ಮೋಹನ ಆರು ವರ್ಷ ಒಂದೇ ಕಂತನ್ನು ಮತ್ತೆ ಮತ್ತೆ ಆಡಿದ.

ಅದು ಹೇಗೆ ಸಾಧ್ಯವಾಯಿತು ಎನ್ನುವುದು ಪೊಲೀಸ್ ಠಾಣೆಯ ಕಾಗದಪತ್ರದಲ್ಲಿದೆ. ಬಸ್ ನಿಲ್ದಾಣದಲ್ಲಿ ಗುರುತು ಸಿಗದ ಹೆಣ ಬಿದ್ದಿದ್ದರೆ ಆಗಿನ ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಮಿನಡಿ ಅಸ್ವಾಭಾವಿಕ ಮರಣ ಎಂದು ದಾಖಲಾಗುತ್ತಿತ್ತು. 2024ರ ಜುಲೈನಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಅದು 194ನೇ ಕಲಮು. ಠಾಣೆಯವರ ಬಾಯಲ್ಲಿ ಇಂಥ ದಾಖಲೆಗೆ ಯುಡಿಆರ್ ಎಂದು ಹೆಸರು. ಮಹಜರು, ಫೋಟೊ, ಮರಣೋತ್ತರ ಪರೀಕ್ಷೆ, ಪತ್ರಿಕೆಯಲ್ಲಿ ಸಣ್ಣ ಪ್ರಕಟಣೆ. ಆ ಪ್ರಕಟಣೆಯ ಒಕ್ಕಣೆ ನಿಮಗೂ ಪರಿಚಿತ: ವಯಸ್ಸು ಸುಮಾರು ಇಪ್ಪತ್ತೈದು, ಕೋಲು ಮುಖ, ಗೋಧಿ ಮೈಬಣ್ಣ, ಸಾಧಾರಣ ಮೈಕಟ್ಟು, ಹಸಿರು ಸೀರೆ. ಅದನ್ನು ಹಿಡಿದು ಹುಡುಕಹೊರಟರೆ ಅರ್ಧ ಕರ್ನಾಟಕ ಹೊಂದುತ್ತದೆ. ಯಾರೂ ಬರಲಿಲ್ಲವೆಂದರೆ ಅಂತ್ಯಸಂಸ್ಕಾರ, ಆತ್ಮಹತ್ಯೆ ಇರಬೇಕು ಎಂಬ ಷರಾ, ಕಡತ ಮೇಲಟ್ಟಕ್ಕೆ.

ಇನ್ನೊಂದು ತುದಿಯಲ್ಲಿ, ಇನ್ನೂರು ಮುನ್ನೂರು ಕಿಲೋಮೀಟರ್ ದೂರದ ಕರಾವಳಿಯ ಮನೆಯಲ್ಲಿ, ಮಗಳು ಯಾರ ಜೊತೆಗೋ ಹೋದಳು ಎಂಬ ಮುಜುಗರ. ಕೆಲವರು ದೂರೇ ಕೊಡಲಿಲ್ಲ. ಕೊಟ್ಟವರಿಗೆ ಸಿಕ್ಕ ಉತ್ತರ ಎಂಥದ್ದು ಎಂದು ಊಹಿಸಲು ಕಷ್ಟವಿಲ್ಲ: ವಯಸ್ಸಿಗೆ ಬಂದವಳು, ಇಷ್ಟಪಟ್ಟು ಹೋಗಿದ್ದಾಳೆ, ನಾವೇನು ಮಾಡೋಣ. ದಕ್ಷಿಣ ಕನ್ನಡದ ಕಾಣೆಯಾದವರ ಪಟ್ಟಿಯನ್ನು ಮೈಸೂರಿನ ಯುಡಿಆರ್ ಪಟ್ಟಿಯ ಪಕ್ಕ ಇಟ್ಟು ನೋಡುವ ಕೆಲಸ ಯಾರ ಮೇಜಿಗೂ ಸೇರಿರಲಿಲ್ಲ. ಮೋಹನನ ಎರಡು ಬದುಕುಗಳ ನಡುವೆ ಇದ್ದ ಗೋಡೆ ಇದು. ಅದನ್ನು ಕಟ್ಟಿದ್ದು ಅವನಲ್ಲ. ಅವನು ಹುಟ್ಟುವ ಮೊದಲೇ ಕಟ್ಟಿಯಾಗಿತ್ತು, ಅವನು ಅದರ ನೆರಳಿನಲ್ಲಿ ಓಡಾಡಿದ, ಅಷ್ಟೆ.

ಗೋಡೆ ಬಿದ್ದ ಬಗೆಯೂ ಅಷ್ಟೇ ವಿಚಿತ್ರ. 2009ರ ಜೂನ್‌ನಲ್ಲಿ ಬಂಟ್ವಾಳ ತಾಲ್ಲೂಕಿನ ಒಬ್ಬಳು ಹುಡುಗಿ ಕಾಣೆಯಾದಳು. ಅವಳು ಅನ್ಯಧರ್ಮದ ಹುಡುಗನ ಜೊತೆ ಓಡಿಹೋಗಿದ್ದಾಳೆ ಎಂಬ ಗುಲ್ಲು ಎದ್ದಿತು, ಜನ ಠಾಣೆಯ ಮುಂದೆ ಸೇರಿದರು. ಆರು ವರ್ಷ ಯಾರಿಗೂ ಅವಸರವಿರದ ಕೆಲಸಕ್ಕೆ ಆಗ ಅವಸರ ಬಂತು. ಪೊಲೀಸರು ಅವಳ ಮೊಬೈಲ್ ಕರೆಗಳ ಪಟ್ಟಿ ತೆಗೆದರು. ಅವಳು ಮಾತಾಡುತ್ತಿದ್ದ ನಂಬರು ಇನ್ನೊಬ್ಬ ಹುಡುಗಿಯದು. ಹೋಗಿ ವಿಚಾರಿಸಿದರೆ ಅವಳೂ ಕಾಣೆ. ಅವಳ ಪಟ್ಟಿಯಿಂದ ಮತ್ತೊಬ್ಬಳು, ಅವಳೂ ಕಾಣೆ. ಸತ್ತವರ ಫೋನಿನಿಂದಲೇ ಅವನು ಮುಂದಿನವಳ ಜೊತೆ ಮಾತಾಡುತ್ತಿದ್ದ. ಆ ಫೋನುಗಳೆಲ್ಲ ಒಂದಲ್ಲ ಒಂದು ಹೊತ್ತಿನಲ್ಲಿ ಮಂಗಳೂರಿನ ಹತ್ತಿರದ ದೇರಳಕಟ್ಟೆಯಲ್ಲಿ ಕೆಲಸ ಮಾಡಿದ್ದವು. ಅಕ್ಟೋಬರ್‌ನಲ್ಲಿ ಅವನ ಬಂಧನವಾಯಿತು. ಆಮೇಲೆ ಠಾಣೆ ಠಾಣೆಯ ಮೇಲಟ್ಟಗಳಿಂದ ಕಡತಗಳು ಕೆಳಗಿಳಿದವು, ಫೋಟೊ ನೋಡಿ ಮನೆಯವರು ತಮ್ಮ ಮಕ್ಕಳನ್ನು ಗುರುತಿಸಿದರು.

'ದಹಾಡ್' ಈ ಒಂದು ಸಂಗತಿಯನ್ನು ಚೆನ್ನಾಗಿ ಹಿಡಿದಿದೆ. ಅದರಲ್ಲಿ ದಲಿತ ಕುಟುಂಬದ ಅಣ್ಣನೊಬ್ಬ ತಂಗಿ ಕಾಣೆಯಾಗಿದ್ದಾಳೆ ಎಂದು ಠಾಣೆಗೆ ಅಲೆದು ಅಲೆದು ಸಾಕಾಗಿ, ಕೊನೆಗೆ ಅವಳನ್ನು ಮುಸ್ಲಿಂ ಹುಡುಗ ಕರೆದುಕೊಂಡು ಹೋದ ಎಂದು ಸುಳ್ಳು ಹೇಳುತ್ತಾನೆ. ಹೇಳಿದ್ದೇ ತಡ, ಊರಿನ ದೊಡ್ಡ ಮನುಷ್ಯರೆಲ್ಲ ಅವನ ಬೆನ್ನಿಗೆ ನಿಲ್ಲುತ್ತಾರೆ. ಸೋನಾಕ್ಷಿ ಸಿನ್ಹಾ ಮಾಡಿದ ಸಬ್ ಇನ್ಸ್‌ಪೆಕ್ಟರ್ ಅಂಜಲಿ ಭಾಟಿ ಕೂಡ ತನ್ನ ಜಾತಿ ಹೇಳುವ ಅಡ್ಡಹೆಸರನ್ನು ಬದಲಿಸಿಕೊಂಡವಳು. ಅವಳು ಹಾದುಹೋದಾಗ ಠಾಣೆಯ ಪೇದೆಯೊಬ್ಬ ಊದುಬತ್ತಿ ಹಚ್ಚುತ್ತಾನೆ. ಕೊಲೆಗಾರ ಹೆಸರು ಬದಲಿಸಿಕೊಂಡು ಓಡಾಡುತ್ತಾನೆ, ಹಿಡಿಯುವವಳೂ ಹೆಸರು ಬದಲಿಸಿಕೊಂಡವಳೇ. ಸರಣಿಯಲ್ಲಿ ನನಗೆ ಬಹಳ ಹಿಡಿಸಿದ್ದು ಈ ಎಳೆ. ಕೊನೆಯ ಎರಡು ಕಂತುಗಳ ಅಟ್ಟಾಟ ಇಷ್ಟವಾಗಲಿಲ್ಲ. ಆನಂದನ ಬಾಲ್ಯದ ಗಾಯ ತೋರಿಸಿ ಕಾರಣ ಕೊಡಲು ಹೋಗಿದ್ದು ಅದಕ್ಕಿಂತ ಬೇಸರ ತಂದಿತು. ಎಲ್ಲ ಕೊಲೆಗಾರರಿಗೂ ಒಂದೊಂದು ಬಾಲ್ಯದ ಗಾಯ ಇರಲೇಬೇಕು ಎಂದು ಟೀವಿಯವರು ಠರಾವು ಮಾಡಿಕೊಂಡಂತಿದೆ.

ಆಂಟಿಯ ಸಂಕಟ ಬೇರೆ. "ಮೇಷ್ಟ್ರಂತೆ ಕಣಮ್ಮ. ಮೇಷ್ಟ್ರು ಅಂದ್ರೆ ಯಾರು ಮನೆ ಕೊಡಲ್ಲ ಅಂತಾರೆ?"

ಈ ಮಾತಿಗೆ ನಾನು ಬೆಚ್ಚಿದೆ. ಕಗ್ಗದಾಸಪುರದಲ್ಲಿ ಮನೆ ಹುಡುಕಿದವರಿಗೆ ಗೊತ್ತು, ಟು ಲೆಟ್ ಬೋರ್ಡು ನೋಡಿ ಗೇಟು ತೆಗೆದರೆ ಪ್ರಶ್ನೆಪತ್ರಿಕೆ ಸಿದ್ಧವಾಗಿರುತ್ತದೆ. ಫ್ಯಾಮಿಲಿನಾ ಬ್ಯಾಚುಲರ್ರಾ? ಯಾವ ಜನ? ವೆಜ್ಜಾ ನಾನ್‌ವೆಜ್ಜಾ? ಯಾವ ಕಂಪನಿ? ರಾತ್ರಿ ಎಷ್ಟು ಹೊತ್ತಿಗೆ ಬರ್ತೀರಾ? ಹೊರರಾಜ್ಯದಿಂದ ಬಂದ, ರಾತ್ರಿಪಾಳಿಯ, ಮೀನು ತಿನ್ನುವ, ಮದುವೆಯಾಗದ ಹುಡುಗಿ ಈ ಪರೀಕ್ಷೆಯಲ್ಲಿ ಮೊದಲ ಪ್ರಶ್ನೆಗೇ ಫೇಲು. ಬಂಟ್ವಾಳದ ಆ ಮೇಷ್ಟ್ರು ಬಂದಿದ್ದರೆ ನೂರಕ್ಕೆ ನೂರು. ಸಂಸಾರಸ್ಥ, ಸರ್ಕಾರಿ ಸಂಬಳ, ಮೆಲುಮಾತು, ಜಾತಿ ನೀವು ಕೇಳಿದ್ದು. ಕರಾವಳಿಯ ಆ ಮನೆಗಳಲ್ಲೂ ಗಂಡಿನ ಕಡೆಯವರನ್ನು ಕೇಳುವ ಪ್ರಶ್ನೆಗಳು ಇವೇ ಅಲ್ಲವೇ? ಜಾತಿ ಯಾವುದು, ಕೆಲಸ ಏನು, ಎಷ್ಟು ಕೇಳುತ್ತಾರೆ. ಮೂರಕ್ಕೂ ಅವನು ಉತ್ತರ ಬಾಯಿಪಾಠ ಮಾಡಿಕೊಂಡು ಬಂದಿದ್ದ. ನಮ್ಮ ಪ್ರಶ್ನೆಪತ್ರಿಕೆ ಬಯಲಾಗಿ ಬಹಳ ಕಾಲವಾಗಿದೆ, ನಾವು ಮಾತ್ರ ಬದಲಿಸಿಲ್ಲ.

ನಮ್ಮ ಕಡೆಯ ಹೆಂಗಸರಿಗೆ ಇನ್ನೊಂದು ಹಳೆಯ ಭಯವಿದೆ. ಕೃಷ್ಣರಾಜಪುರ ದಾಟಿ ಹೋದರೆ ಹೊಸಕೋಟೆ, ಅಲ್ಲಿಯ ದಂಡುಪಾಳ್ಯದ ಹೆಸರನ್ನು ದರೋಡೆಕೋರರ ಒಂದು ತಂಡ ಕೆಡಿಸಿಹಾಕಿತು. ಹಾಡಹಗಲು ಬಾಗಿಲು ತಟ್ಟಿ ಕುಡಿಯಲು ನೀರು ಕೇಳಿ ಒಳನುಗ್ಗುತ್ತಿದ್ದರು ಎಂಬ ಕಥೆ. 2012ರಲ್ಲಿ ಸಿನಿಮಾ ಬಂದ ಮೇಲಂತೂ ಗ್ರಿಲ್ ಬಾಗಿಲಿನ ಒಳಗಿನಿಂದಲೇ ನೀರಿನ ಲೋಟ ಚಾಚುವುದು ರೂಢಿಯಾಯಿತು. ಹೊರಗಿನವನ ಭಯಕ್ಕೆ ಗ್ರಿಲ್ಲು ಸಾಕು. ಕೂಡಿಸಿ ಕಾಫಿ ಕೊಡಬೇಕಾದ ಮನುಷ್ಯನಿಗೆ ಏನು ಮಾಡುವುದು? ಸಿಕ್ಕಿಬಿದ್ದ ಮೇಲೆ ಟೀವಿಯವರು ಮೈಕು ಹಿಡಿದರೆ ನೆರೆಯವರು ಹೇಳುವ ಮಾತು ಯಾವತ್ತೂ ಒಂದೇ: ಯಾರ ತಂಟೆಗೂ ಹೋಗ್ತಿರಲಿಲ್ಲ, ತುಂಬಾ ಡೀಸೆಂಟು.

ಇದು ಬಡವರ ಮನೆಯ ಪಾಡು ಎಂದುಕೊಳ್ಳಬೇಡಿ. ಕಗ್ಗದಾಸಪುರದಿಂದ ರಿಚ್ಮಂಡ್ ರೋಡು ಎಷ್ಟು ದೂರ? 1991ರಲ್ಲಿ ಅಲ್ಲಿಯ ದೊಡ್ಡ ಬಂಗಲೆಯಿಂದ ಶಾಕಿರಾ ಖಲೀಲಿ ಕಾಣೆಯಾದರು. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳು. ಅವರ ಎರಡನೆಯ ಗಂಡ, ಸ್ವಾಮಿ ಶ್ರದ್ಧಾನಂದ ಎಂದು ಹೆಸರಿಟ್ಟುಕೊಂಡಿದ್ದ ಮುರಳಿ ಮನೋಹರ ಮಿಶ್ರಾ, ಕೇಳಿದವರಿಗೆ ಒಂದೊಂದು ಸಲ ಒಂದೊಂದು ಊರಿನ ಹೆಸರು ಹೇಳುತ್ತಾ ಅದೇ ಮನೆಯಲ್ಲಿ ವಾಸವಾಗಿದ್ದ. 1992ರಲ್ಲಿ ಮಗಳು ಅಶೋಕನಗರ ಠಾಣೆಗೆ ದೂರು ಕೊಟ್ಟರು, ಕೊಟ್ಟು ಸುಮ್ಮನಾಗಲಿಲ್ಲ. 1994ರ ಮಾರ್ಚ್‌ನಲ್ಲಿ ಅಂಗಳ ಅಗೆದಾಗ ಹೆಣ ಸಿಕ್ಕಿತು. ಅಷ್ಟು ಹೆಸರುವಾಸಿ ಮನೆತನ, ಅಷ್ಟು ಗೊತ್ತಿರುವ ವಿಳಾಸ, ಆದರೂ ಮೂರು ವರ್ಷ. ಈ ಪ್ರಕರಣದ ಮೇಲೂ 2023ರಲ್ಲಿ ಒಂದು ಸರಣಿ ಬಂತು. ಅದರಲ್ಲಿ ಅಪರಾಧಿಯನ್ನೇ ಕೂರಿಸಿ ಮಾತಾಡಿಸಿದ್ದಾರೆ, ಅವನು ಸಾವಧಾನವಾಗಿ ತನ್ನ ಪರ ವಾದಿಸುತ್ತಾನೆ. ಅವನಿಗೆ ಕೊಟ್ಟ ಅಷ್ಟು ಹೊತ್ತನ್ನು ಆ ಮಗಳು ಠಾಣೆಗೆ ಅಲೆದ ವರ್ಷಗಳಿಗೆ ಕೊಡಬಹುದಿತ್ತು ಎಂದು ನನಗನ್ನಿಸಿತು.

ಕಾನೂನಿನ ಮಾತೊಂದನ್ನು ಹೇಳಿ ಮುಂದೆ ಹೋಗುತ್ತೇನೆ. ಶ್ರದ್ಧಾನಂದನ ಮರಣದಂಡನೆಯನ್ನು ಸುಪ್ರೀಂ ಕೋರ್ಟು 2008ರ ಜುಲೈನಲ್ಲಿ ಜೀವಾವಧಿಗೆ ಇಳಿಸಿತು, ಆದರೆ ಉಸಿರಿರುವ ತನಕ ಬಿಡುಗಡೆ ಇಲ್ಲ ಎಂದಿತು. ಮೋಹನ ಕುಮಾರನಿಗೆ 2013ರ ಡಿಸೆಂಬರ್‌ನಲ್ಲಿ ಗಲ್ಲು ಶಿಕ್ಷೆಯಾಯಿತು. 2017ರಲ್ಲಿ ಹೈಕೋರ್ಟು ಒಂದು ಪ್ರಕರಣದಲ್ಲಿ ಅದನ್ನು ಬದುಕಿರುವ ತನಕ ಜೈಲು ಎಂದು ಬದಲಿಸಿತು. ಅವನು ವಕೀಲರನ್ನು ಬಿಟ್ಟು ತನ್ನ ವಾದವನ್ನು ತಾನೇ ಮಂಡಿಸುತ್ತಿದ್ದ. ಪಾಠ ಮಾಡಿದ ನಾಲಿಗೆ!

ರೇಡಿಯೊದಲ್ಲಿ ಕೂತು ಟೀವಿಯ ಬಗ್ಗೆ ಮಾತಾಡುವಾಗ ಇನ್ನೊಂದು ನೆನಪಾಗುತ್ತದೆ. ಜರ್ಮನಿಯ ಫ್ರಿಟ್ಸ್ ಲಾಂಗ್ 1931ರಲ್ಲಿ 'ಎಂ' ಎಂಬ ಚಿತ್ರ ಮಾಡಿದ. ಮಕ್ಕಳನ್ನು ಕೊಲ್ಲುವ, ನೋಡಲು ಸಾದಾಸೀದಾ ಮನುಷ್ಯನ ಕಥೆ. ಊರಿನ ಪೊಲೀಸರೆಲ್ಲ ಕಣ್ಣಲ್ಲಿ ಕಣ್ಣಿಟ್ಟು ಹುಡುಕುತ್ತಾರೆ, ಸಿಗುವುದಿಲ್ಲ. ಅವನನ್ನು ಗುರುತಿಸುವವನು ಬಲೂನು ಮಾರುವ ಕುರುಡ. ಕೊಲೆಗಾರ ಸಿಳ್ಳೆಯಲ್ಲಿ ಗುನುಗುತ್ತಿದ್ದ ಒಂದು ರಾಗ ಅವನ ಕಿವಿಯಲ್ಲಿ ಉಳಿದಿತ್ತು. ಮುಖ, ಅಂಗಿ, ಗಡ್ಡ, ನಾಮ ಯಾವುದೂ ಕಾಣದವನಿಗೆ ಮೋಸವಾಗಲಿಲ್ಲ. ಆಕಾಶವಾಣಿಯ ನಾಟಕ ವಿಭಾಗದವರು ಇಂಥ ಒಂದು ಕಥೆಯನ್ನು ಎತ್ತಿಕೊಂಡರೆ ಒಬ್ಬನೇ ನಟ, ಒಂದೇ ದನಿ, ಎರಡು ಬದುಕು. ಟೀವಿಗೆ ಆಗದ್ದು ಅಲ್ಲಿ ಆದೀತು.

ಮೋಹನನ ಪ್ರಕರಣಗಳು ಒಂದೊಂದಾಗಿ ಬೇರೆ ಬೇರೆಯೇ ವಿಚಾರಣೆಯಾದವು. ಕೊನೆಯದಾದ ಇಪ್ಪತ್ತನೆಯದರ ತೀರ್ಪು ಬಂದದ್ದು 2020ರ ಜೂನ್‌ನಲ್ಲಿ. ಕಾಸರಗೋಡು ಕಡೆಯಿಂದ ಬೆಂಗಳೂರಿಗೆ ಬಂದು, ನಾವು ದಿನಾ ಓಡಾಡುವ ಮೆಜೆಸ್ಟಿಕ್‌ನ ನಿಲ್ದಾಣದಲ್ಲಿ ಕುಸಿದ ಹೆಣ್ಣುಮಗಳ ಪ್ರಕರಣ ಅದು. ಬಂಧನವಾಗಿ ಹತ್ತು ವರ್ಷ ದಾಟಿತ್ತು. ಅಷ್ಟೂ ವರ್ಷ ಆ ಮನೆಗಳ ಅಕ್ಕತಂಗಿಯರು ಕಟಕಟೆ ಹತ್ತಿ ಇಳಿದರು, ಪೆಟ್ಟಿಗೆಯಿಂದ ತೆಗೆದ ಒಡವೆಗಳನ್ನು ಇದು ನಮ್ಮದು ಎಂದು ಗುರುತಿಸಿದರು. ಅವರ ನಡುವೆ ಅವನ ಮಾತ್ರೆಯಿಂದ ಪಾರಾಗಿ ಬದುಕುಳಿದ ಒಬ್ಬಾಕೆಯೂ ಇದ್ದರು. ಅವರು ಬಂದು ಅವನೆದುರೇ ನಿಂತು ಸಾಕ್ಷಿ ಹೇಳಿದರು. ಮದುವೆಯ ಮಾತಿಗೆ ಮೋಸಹೋದೆ ಎಂದು ಊರೆದುರು ಹೇಳಿಕೊಳ್ಳುವುದು ನಮ್ಮಲ್ಲಿ ಹೆಣ್ಣುಮಗಳಿಗೆ ಸುಲಭದ ಕೆಲಸವಲ್ಲ.

ಮೇಷ್ಟ್ರ ಕಡೆಯಿಂದ ಈ ಕಥೆಯನ್ನು ನೋಡಿ ಆಯಿತು. ಬದುಕುಳಿದ ಆಕೆಯ ಕಡೆಯಿಂದ, ತುಳು ಕನ್ನಡ ಎರಡೂ ಮಾತಾಡುವ ಊರಿನಲ್ಲೇ ಯಾರಾದರೂ ಒಂದು ಸರಣಿ ಮಾಡಿದರೆ ಆಂಟಿಗೆ ಅರ್ಥ ಬಿಡಿಸಿ ಹೇಳುವ ಕೆಲಸ ನನಗೆ ತಪ್ಪುತ್ತದೆ.